ಅನ್‌ರೈಡ್, ಟ್ರೂನಾಸ್, ಸ್ನ್ಯಾಪ್‌ರೈಡ್: ಕಕ್ಕಡದ ಕರೆಂಟಿನಲ್ಲಿ ಮೂರನ್ನೂ ಓಡಿಸಿ ನೋಡಿದಾಗ

ಗೋಣಿಕೊಪ್ಪದಲ್ಲಿ ಮದುವೆ ಫೋಟೋ, ವಿಡಿಯೋ ಮಾಡುವವನಿಗೆ ಶೂಟಿಂಗಿಗಿಂತ ದೊಡ್ಡ ತಲೆನೋವು ಆಮೇಲೆ ಫೈಲುಗಳನ್ನು ಕಾಯುವುದು. ಮಗುವಿಗೆ ಮೂರು ವರ್ಷ ತುಂಬಿದ ಮೇಲೆ ಬಂದು "ನಮ್ಮ ಮದುವೆ ವಿಡಿಯೋ ಪೆನ್‌ಡ್ರೈವ್ ಕೆಟ್ಟೋಯ್ತು, ಇನ್ನೊಂದು ಕಾಪಿ ಕೊಡಿ" ಅನ್ನುವವರು ಇದ್ದೇ ಇರುತ್ತಾರೆ. ಹಾಗಾಗಿ ಹಳೆಯ ಎಡಿಟಿಂಗ್ ಪಿಸಿಗೆ ನಾಲ್ಕು ಹಾರ್ಡ್‌ಡಿಸ್ಕ್ ಹಾಕಿದೆ: 8 ಟಿಬಿಯವು ಎರಡು, 4 ಟಿಬಿಯವು ಎರಡು. ಅದರ ಮೇಲೆ ಅನ್‌ರೈಡ್, ಟ್ರೂನಾಸ್, ಓಪನ್‌ಮೀಡಿಯಾವಾಲ್ಟ್ ಜೊತೆ ಸ್ನ್ಯಾಪ್‌ರೈಡ್, ಹೀಗೆ ಮೂರನ್ನೂ ಒಂದರ ನಂತರ ಒಂದು ಓಡಿಸಿದೆ. ಹಲವು ಡಿಸ್ಕುಗಳನ್ನು ಒಟ್ಟಿಗೆ ಬಳಸಿ, ಒಂದು ಕೆಟ್ಟರೂ ಫೈಲ್ ಉಳಿಸಿಕೊಳ್ಳುವ ವ್ಯವಸ್ಥೆಗಳು ಇವು. ಕೊಡಗಿನ ಮಳೆ ತಿಂಗಳಾದ ಕಕ್ಕಡದಲ್ಲಿ ಮದುವೆಗಳಿಲ್ಲ, ಕೈಯಲ್ಲಿ ಸಮಯವಿತ್ತು. ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದೂ ಅದೇ ತಿಂಗಳಲ್ಲಿ, ಅಂದರೆ ಪರೀಕ್ಷೆಯೂ ಪುಕ್ಕಟೆ.

ವೇಗ ಅಳೆಯುವ ಗೋಜಿಗೆ ನಾನು ಹೋಗಲಿಲ್ಲ. ಮನೆಯ ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸು ಬಂದರೆ ಮುಗಿಯಿತು, ಓದುವಾಗ ಮೂರೂ ಅಷ್ಟು ಕೊಡುತ್ತವೆ. ಬರೆಯುವಾಗ ಕ್ಯಾಶ್ (ಮೊದಲು ಬರೆದಿಡುವ ವೇಗದ ಡಿಸ್ಕ್) ಇಲ್ಲದ ಅನ್‌ರೈಡ್ ಮಾತ್ರ ಹಿಂದೆ ಬೀಳುತ್ತದೆ, ಪ್ರತಿ ಸಲವೂ ಹಳೆಯದನ್ನು ಓದಿ ಪ್ಯಾರಿಟಿ, ಅಂದರೆ ಕೆಟ್ಟ ಡಿಸ್ಕನ್ನು ಮರಳಿ ಕಟ್ಟಲು ಬರೆದಿಡುವ ಲೆಕ್ಕ, ತಿದ್ದಬೇಕಲ್ಲ. ನಾನು ನೋಡಿದ್ದು ಬೇರೆ: ಏನಾದರೂ ಕೆಟ್ಟಾಗ ತಪ್ಪು ಡಿಸ್ಕಿನದೋ, ಕೇಬಲಿನದೋ, ಫೈಲಿನದೋ ಅಂತ ಯಾವುದು ಬೆರಳು ಮಾಡಿ ತೋರಿಸುತ್ತದೆ?

ಮೊದಲು ಜಾಗದ ಲೆಕ್ಕ. ಅನ್‌ರೈಡ್‌ನಲ್ಲಿ ಪ್ಯಾರಿಟಿ ಡಿಸ್ಕ್ ಉಳಿದ ಯಾವ ಡಿಸ್ಕಿಗಿಂತಲೂ ಚಿಕ್ಕದಿರಬಾರದು, ಅಷ್ಟೇ. ಒಂದು 8 ಟಿಬಿ ಪ್ಯಾರಿಟಿಗೆ ಹೋಯಿತು, ಉಳಿದ 8, 4, 4 ಸೇರಿ 16 ಟಿಬಿ ಸಿಕ್ಕಿತು. ಸ್ನ್ಯಾಪ್‌ರೈಡ್‌ನಲ್ಲೂ ಅದೇ 16. ಟ್ರೂನಾಸ್‌ನ ಒಳಗಿರುವುದು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ. ಒಂದು ಡಿಸ್ಕ್ ಕೆಟ್ಟರೂ ತಾಳುವ ಅದರ ರೈಡ್‌ಝಡ್1 ಜೋಡಣೆಗೆ ಎಲ್ಲ ಡಿಸ್ಕೂ ಅತಿ ಚಿಕ್ಕ ಡಿಸ್ಕಿನಷ್ಟೇ ಲೆಕ್ಕ, ಹಾಗಾಗಿ ಕೈಗೆ ಬಂದದ್ದು 12. ಒಂದೊಂದು ಸೀಸನ್ನಿಗೆ ಒಂದೊಂದು ಡಿಸ್ಕ್ ಕೊಂಡು ಸೇರಿಸುತ್ತಾ ಬಂದ ನನ್ನಂಥವನಿಗೆ ಈ 4 ಟಿಬಿ ಕಡಿಮೆ ಮೊತ್ತವಲ್ಲ.

ಕರೆಂಟು ಹೋದಾಗ

ಅನ್‌ರೈಡ್ ಕರೆಂಟು ಹಠಾತ್ತನೆ ಹೋಗಿ ಬಂದ ಮೇಲೆ ತಾನಾಗಿಯೇ ಪ್ಯಾರಿಟಿ ಪರೀಕ್ಷೆ ಶುರು ಮಾಡುತ್ತದೆ. ಒಳ್ಳೆಯದೇ. ಆದರೆ 8 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿಯಂತೆ ಮೊದಲಿನಿಂದ ಕೊನೆಯವರೆಗೆ ಓದಲು ಹದಿನೈದು ಗಂಟೆ ಬೇಕು. ಜುಲೈನಲ್ಲಿ ನಮ್ಮ ಕಡೆ ಹದಿನೈದು ಗಂಟೆ ಒಂದೇ ಸಮನೆ ಕರೆಂಟು ಇರುತ್ತದೆ ಅನ್ನುವವರು ಬೇರೆ ಜಿಲ್ಲೆಯವರಿರಬೇಕು. ಪರೀಕ್ಷೆ ಅರ್ಧಕ್ಕೆ ಬರುವಷ್ಟರಲ್ಲಿ ಮತ್ತೆ ಹೋಗುತ್ತದೆ, ಮತ್ತೆ ಸೊನ್ನೆಯಿಂದ ಶುರು. ಡಿಸ್ಕುಗಳಿಗೆ ಬಿಡುವೇ ಇಲ್ಲ.

ಪರೀಕ್ಷೆ ಮುಗಿದರೂ ಅದು ಹೇಳುವುದು ಇಷ್ಟೇ: ಇಷ್ಟು ಕಡೆ ತಾಳೆಯಾಗುತ್ತಿಲ್ಲ. ಎಲ್ಲ ಡಿಸ್ಕುಗಳ ಒಂದೇ ಸ್ಥಾನದ ಬಿಟ್ಟುಗಳನ್ನು ಕೂಡಿಸಿ ಸಮವೋ ಬೆಸವೋ ಅಂತ ಬರೆದಿಟ್ಟದ್ದೇ ಪ್ಯಾರಿಟಿ. ಲೆಕ್ಕ ತಪ್ಪಿದೆ ಅಂತ ಅದಕ್ಕೆ ಗೊತ್ತಾಗುತ್ತದೆ, ತಪ್ಪಿದ್ದು ಯಾರು ಅಂತ ಗೊತ್ತಾಗುವುದಿಲ್ಲ. ತಿದ್ದುವ ಆಯ್ಕೆ ಟಿಕ್ ಆಗಿದ್ದರೆ ಡೇಟಾವೇ ಸರಿ ಅಂದುಕೊಂಡು ಪ್ಯಾರಿಟಿಯನ್ನು ತಿದ್ದಿಬಿಡುತ್ತದೆ. ಡೇಟಾ ಡಿಸ್ಕೇ ಸುಳ್ಳು ಹೇಳುತ್ತಿದ್ದರೆ ಆ ಸುಳ್ಳು ಅಲ್ಲಿಗೆ ಖಾಯಂ. ಹಾಗಾಗಿ ಡಿಸ್ಕಿನ ಮೇಲೆ ಅನುಮಾನವಿದ್ದಾಗ ಆ ಟಿಕ್ ತೆಗೆದೇ ಪರೀಕ್ಷೆ ಓಡಿಸಬೇಕು.

ಝಡ್‌ಎಫ್‌ಎಸ್ ಇಲ್ಲಿ ಬೇರೆಯೇ ದರ್ಜೆ. ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆದು, ಪೂರ್ತಿಯಾದ ಮೇಲೆ ಮಾತ್ರ ಅದನ್ನು ಒಪ್ಪಿಕೊಳ್ಳುತ್ತದೆ. ಕರೆಂಟು ಹೋದರೆ ಕೊನೆಯ ಕೆಲವು ಸೆಕೆಂಡಿನ ಬರಹ ಹೋದೀತು, ಪೂಲ್ (ಡಿಸ್ಕುಗಳ ಗುಂಪು) ಹಾಗೇ ಏಳುತ್ತದೆ. ಮೇಲಾಗಿ ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅಂದರೆ ತಾಳೆ ನೋಡುವ ಅಂಕಿ ಇದೆ. ತಿಂಗಳಿಗೊಮ್ಮೆ ಎಲ್ಲವನ್ನೂ ಓದಿ ತಾಳೆ ನೋಡುವ ಸ್ಕ್ರಬ್ ಹಾಕಿ 'ಝಡ್‌ಪೂಲ್ ಸ್ಟೇಟಸ್' ಕೊಟ್ಟರೆ ಯಾವ ಡಿಸ್ಕಿನಲ್ಲಿ ಓದುವಾಗ, ಬರೆಯುವಾಗ, ಚೆಕ್‌ಸಮ್ಮಿನಲ್ಲಿ ಎಷ್ಟು ತಪ್ಪು ಅಂತ ಮೂರು ಕಾಲಂ. ಸರಿಪಡಿಸಲು ಆಗದ್ದು ಇದ್ದರೆ, ಅದಕ್ಕೇ 'ಮೈನಸ್ ವಿ' ಸೇರಿಸಿದಾಗ ಫೈಲಿನ ಹೆಸರೇ ಬರುತ್ತದೆ. ಹೆಸರು ಗೊತ್ತಾದರೆ ಆ ಒಂದು ಫೈಲನ್ನು ಬ್ಯಾಕಪ್‌ನಿಂದ ತಂದರೆ ಸಾಕು.

ಸ್ನ್ಯಾಪ್‌ರೈಡ್‌ಗೆ ಕರೆಂಟಿನ ಚಿಂತೆ ಕಡಿಮೆ, ಏಕೆಂದರೆ ಅದು ಸದಾ ಓಡುವುದಿಲ್ಲ. ನೀವು 'ಸಿಂಕ್' ಕೊಟ್ಟಾಗ ಮಾತ್ರ ಪ್ಯಾರಿಟಿ ಬರೆಯುತ್ತದೆ, ನಡುವೆ ನಿಂತರೆ ಮತ್ತೆ ಸಿಂಕ್ ಕೊಟ್ಟರಾಯಿತು. ಫೈಲುಗಳ ಹ್ಯಾಶ್ (ಚೆಕ್‌ಸಮ್ಮಿನಂಥದ್ದೇ) ಇಟ್ಟುಕೊಳ್ಳುವುದರಿಂದ ಕೆಟ್ಟದ್ದು ಯಾವುದು ಅಂತ ಹೆಸರು ಹಿಡಿದು ಹೇಳುತ್ತದೆ. ತೊಡಕು ಇದು: ಕೊನೆಯ ಸಿಂಕ್ ಆದ ಮೇಲೆ ಹಾಕಿದ ಯಾವ ಫೈಲಿಗೂ ರಕ್ಷಣೆ ಇಲ್ಲ. ಭಾನುವಾರದ ಮದುವೆಯ ಮೆಮೊರಿ ಕಾರ್ಡ್ ಖಾಲಿ ಮಾಡಿ, ರಾತ್ರಿ ಸಿಂಕ್ ಆಗುವ ಮೊದಲು ಡಿಸ್ಕ್ ಹೋದರೆ ಆ ಮದುವೆಯೂ ಹೋಯಿತು.

ಯುಪಿಎಸ್ ಇಲ್ಲದೆ ಇವುಗಳಲ್ಲಿ ಯಾವುದನ್ನೂ ನಮ್ಮೂರಲ್ಲಿ ಓಡಿಸಬೇಡಿ. ಮನೆಯ ಇನ್ವರ್ಟರ್ ಸಾಲದು. ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿದರೆ ಪಿಸಿ ಬಿದ್ದುಹೋಗದೆ ಉಳಿಯಬಹುದು, ಆದರೆ ಬ್ಯಾಟರಿ ಮುಗಿಯುತ್ತಿದೆ ಅಂತ ಸರ್ವರಿಗೆ ಹೇಳಲು ಅದಕ್ಕೆ ಬಾಯಿಲ್ಲ. ಯುಎಸ್‌ಬಿ ತಂತಿಯಿರುವ ಚಿಕ್ಕ ಯುಪಿಎಸ್ ಒಂದನ್ನು ಇನ್ವರ್ಟರ್ ಲೈನಿನ ಮೇಲೆ ಕೂರಿಸಿದರೆ ಮೂರೂ ವ್ಯವಸ್ಥೆಗಳು ಅದರ ಮಾತು ಕೇಳಿ ತಾವೇ ಶಿಸ್ತಾಗಿ ಮಲಗುತ್ತವೆ. ಗುಡುಗಿನ ದಿನ ಪ್ಲಗ್ ಜೊತೆ ನೆಟ್‌ವರ್ಕ್ ತಂತಿಯನ್ನೂ ಕೀಳುವುದು ಇಲ್ಲಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಕೇಬಲ್ ಕಿತ್ತು ನೋಡಿದ್ದು

ನಮ್ಮ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಕ್ಯಾಮೆರಾ ಲೆನ್ಸು ಎಲ್ಲಕ್ಕೂ ಬೂಷ್ಟು. ಡಿಸ್ಕಿನ ಸಾಟಾ ಕನೆಕ್ಟರಿಗೆ ಮಾತ್ರ ವಿನಾಯಿತಿ ಇದೆಯೇ? ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೇ ಸಾಲು, ಯುಡಿಎಂಎ ಸಿಆರ್‌ಸಿ ಎಣಿಕೆ ಏರಿದರೆ ಸಾಮಾನ್ಯವಾಗಿ ತಪ್ಪು ಕೇಬಲಿನದು, ಡಿಸ್ಕಿನದಲ್ಲ. ಆ ಅಂಕಿ ಯಾವತ್ತೂ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೂ ಏರುತ್ತಿದೆಯೇ ಅನ್ನುವುದಷ್ಟೇ ಪ್ರಶ್ನೆ. ಕೆಟ್ಟ ಸೆಕ್ಟರ್ ಎಣಿಸುವ 5, 197, 198ನೇ ಸಾಲುಗಳು ಏರಿದರೆ ಮಾತ್ರ ಡಿಸ್ಕಿನ ಅಂಗಡಿಗೆ ಫೋನ್ ಮಾಡಿ.

ಹಾಗಾಗಿ ಬೇಕೆಂದೇ, ಬರಹ ನಡೆಯುತ್ತಿರುವಾಗ ಒಂದು ಡಿಸ್ಕಿನ ಡೇಟಾ ಕೇಬಲ್ ಕಿತ್ತೆ. ಅನ್‌ರೈಡ್ ಆ ಡಿಸ್ಕಿಗೆ ಕೆಂಪು 'ಎಕ್ಸ್' ಗುರುತು ಹಾಕಿ ಹೊರಗಿಟ್ಟಿತು. ಒಳಗಿನ ಫೈಲುಗಳನ್ನು ಪ್ಯಾರಿಟಿಯಿಂದ ಲೆಕ್ಕ ಹಾಕಿ ತೋರಿಸುತ್ತಲೇ ಇತ್ತು, ಶೇರ್‌ನಲ್ಲಿ (ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರಿನಲ್ಲಿ) ಕೂತವರಿಗೆ ಸುಳಿವೂ ಇಲ್ಲ. ಆದರೆ ಕೇಬಲ್ ಮತ್ತೆ ಚುಚ್ಚಿದರೆ ಅದು ಒಪ್ಪುವುದಿಲ್ಲ. ಅರೇ (ಡಿಸ್ಕುಗಳ ಇಡೀ ಜೋಡಣೆ) ನಿಲ್ಲಿಸಿ, ಡಿಸ್ಕ್ ತೆಗೆದು, ಅರೇ ಶುರು ಮಾಡಿ, ಮತ್ತೆ ನಿಲ್ಲಿಸಿ, ಅದೇ ಡಿಸ್ಕ್ ಕೂರಿಸಿ ಪೂರ್ತಿ ಮರುನಿರ್ಮಾಣ ಮಾಡಬೇಕು. ಕೇಬಲ್ ಅಲುಗಾಡಿದ ತಪ್ಪಿಗೆ ಇಡೀ ದಿನದ ದಂಡ. ಝಡ್‌ಎಫ್‌ಎಸ್‌ನಲ್ಲಿ ಡಿಸ್ಕ್ ಮತ್ತೆ ಆನ್‌ಲೈನ್ ಆದ ಮೇಲೆ ನಡುವೆ ಬದಲಾದ ಭಾಗವನ್ನಷ್ಟೇ ತುಂಬಿಕೊಂಡಿತು, ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಸ್ನ್ಯಾಪ್‌ರೈಡ್ ಜೊತೆ ಡಿಸ್ಕುಗಳನ್ನು ಒಂದಾಗಿ ತೋರಿಸಲು ಹಾಕಿದ್ದ ಮರ್ಜರ್‌ಎಫ್‌ಎಸ್ ಮಾತ್ರ ಭಯ ಹುಟ್ಟಿಸಿತು: ಫೋಲ್ಡರ್ ತೆರೆಯುತ್ತದೆ, ಒಂದಷ್ಟು ಮದುವೆಗಳು ಕಾಣೆ, ಗಂಟೆ ಬಾರಿಸುವವರು ಯಾರೂ ಇಲ್ಲ. ಒಂದು ಡಿಸ್ಕಿನ ಫೈಲುಗಳೆಲ್ಲ ಮಾಯವಾಗಿದ್ದರೆ ಸಿಂಕ್ ಮಾಡಲು ಸ್ನ್ಯಾಪ್‌ರೈಡ್ ನಿರಾಕರಿಸುತ್ತದೆ ಅನ್ನುವುದೇ ಸಮಾಧಾನ.

ಎರಡು ಡಿಸ್ಕ್ ಒಟ್ಟಿಗೆ ಹೋದರೆ ಲೆಕ್ಕ ತಿರುಗುತ್ತದೆ. ರೈಡ್‌ಝಡ್1ರಲ್ಲಿ ಎಲ್ಲವೂ ಹೋಯಿತು. ಉಳಿದೆರಡರಲ್ಲಿ ಪ್ರತಿ ಡಿಸ್ಕಿಗೂ ತನ್ನದೇ ಫೈಲ್ ಸಿಸ್ಟಂ ಇರುವುದರಿಂದ, ಬದುಕಿರುವ ಡಿಸ್ಕನ್ನು ಯಾವ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಅದರೊಳಗಿನ ಮದುವೆಗಳು ಸಿಗುತ್ತವೆ.

ಶೇರ್‌ಗಳ ಗೋಳು

"ಅಣ್ಣಾ, ನಿನ್ನೆ ಓಪನ್ ಆಗಿದ್ದ ಫೋಲ್ಡರ್ ಇವತ್ತು ಪಾಸ್‌ವರ್ಡ್ ಕೇಳ್ತಾ ಇದೆ." ಎಡಿಟಿಂಗ್ ಹುಡುಗನ ಈ ದೂರು ಮೂರು ವ್ಯವಸ್ಥೆಗಳಲ್ಲೂ ಬಂತು, ಕಾರಣ ಬಹುಪಾಲು ವಿಂಡೋಸ್. ಹೊಸ ವಿಂಡೋಸ್ 11 ಪ್ರೊ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ತೆರೆಯುವುದಿಲ್ಲ. ಸರ್ವರಿನಲ್ಲಿ ಒಬ್ಬ ಬಳಕೆದಾರನನ್ನು ಮಾಡಿ ಪಾಸ್‌ವರ್ಡ್ ಕೊಡುವುದೇ ದಾರಿ. ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ಒಟ್ಟಿಗೆ ಒಳಹೋಗಲೂ ಅದು ಬಿಡುವುದಿಲ್ಲ. ಹಳೆಯದನ್ನು ಕ್ರೆಡೆನ್ಶಿಯಲ್ ಮ್ಯಾನೇಜರ್‌ನಿಂದ ಅಳಿಸಿ, ಇಲ್ಲವೇ ಹೆಸರಿನ ಬದಲು ಐಪಿ ವಿಳಾಸ ಹೊಡೆದು ನೋಡಿ.

ಅನುಮತಿಗಳನ್ನು ಹೊಂದಿಸುವುದು ಅನ್‌ರೈಡ್‌ನಲ್ಲಿ ಅತಿ ಸುಲಭ. ಟ್ರೂನಾಸ್‌ನಲ್ಲಿ ಡೇಟಾಸೆಟ್ (ಪೂಲಿನೊಳಗಿನ ವಿಭಾಗ) ಮಾಡುವಾಗಲೇ ಎಸ್‌ಎಂಬಿ (ವಿಂಡೋಸ್ ಶೇರ್) ಅಂತ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಓಪನ್‌ಮೀಡಿಯಾವಾಲ್ಟ್‌ನಲ್ಲಿ ಅನುಮತಿ ಒಂದು ಕಡೆ, ಎಸಿಎಲ್ (ಫೈಲ್ ಮಟ್ಟದ ಅನುಮತಿ ಪಟ್ಟಿ) ಇನ್ನೊಂದು ಕಡೆ. ಎರಡನ್ನೂ ಮುಟ್ಟಿದರೆ ಗೋಜಲು, ಎಸಿಎಲ್ ಸುದ್ದಿಗೆ ಹೋಗಲೇಬೇಡಿ. ಇನ್ನೊಂದು: ಒಟ್ಟು ಜಾಗ ಇದ್ದೂ 'ಡಿಸ್ಕ್ ತುಂಬಿದೆ' ಅಂತ ಬಂದರೆ ಅನ್‌ರೈಡ್‌ನಲ್ಲಿ ಸ್ಪ್ಲಿಟ್ ಲೆವೆಲ್ (ಒಂದು ಫೋಲ್ಡರನ್ನು ಎಷ್ಟರ ಮಟ್ಟಿಗೆ ಡಿಸ್ಕುಗಳಲ್ಲಿ ಹಂಚಬಹುದು ಅನ್ನುವುದು), ಕನಿಷ್ಠ ಖಾಲಿ ಜಾಗ ಎರಡನ್ನೂ ನೋಡಿ. ಎರಡನೆಯದು ನಿಮ್ಮ ಅತಿ ದೊಡ್ಡ ವಿಡಿಯೋ ಫೈಲಿಗಿಂತ ಹೆಚ್ಚಿರಬೇಕು. ಡಿಸ್ಕ್ ಶೇರ್‌ನಿಂದ (ಒಂದು ಡಿಸ್ಕ್ ಮಾತ್ರ) ಯೂಸರ್ ಶೇರ್‌ಗೆ (ಎಲ್ಲ ಡಿಸ್ಕ್ ಒಟ್ಟಾಗಿ) ನೇರ ಕಾಪಿ ಮಾತ್ರ ಮಾಡಬೇಡಿ, ಫೈಲ್ ತನ್ನ ಮೇಲೆ ತಾನೇ ಬರೆದುಕೊಂಡು ಖಾಲಿಯಾಗಬಹುದು.

ಕೊನೆಗೆ ಆ ನಾಲ್ಕು ಡಿಸ್ಕಿನ ಪಿಸಿಯಲ್ಲಿ ಸ್ನ್ಯಾಪ್‌ರೈಡ್ ಉಳಿಸಿಕೊಂಡೆ. ಮುಗಿದ ಮದುವೆಗಳ ಫೈಲ್ ಬದಲಾಗುವುದಿಲ್ಲ, ರಾತ್ರಿಗೊಂದು ಸಿಂಕ್ ಸಾಕು. ಈ ಸೀಸನ್ನಿನ ಕೆಲಸಕ್ಕೆ ಬೇರೆ ಚಿಕ್ಕ ಪೆಟ್ಟಿಗೆಯಲ್ಲಿ ಒಂದೇ ಅಳತೆಯ ಎರಡು ಡಿಸ್ಕಿನ ಝಡ್‌ಎಫ್‌ಎಸ್ ಮಿರರ್ (ಎರಡರಲ್ಲೂ ಒಂದೇ ಪ್ರತಿ), ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಗಳಿಗೆಯ ಸ್ಥಿತಿಯ ಗುರುತು). ವಿರಾಜಪೇಟೆ ಕಡೆ ಹೋಂಸ್ಟೇ ನಡೆಸುವ ಭಾವನಿಗೆ ಅನ್‌ರೈಡ್ ಹಾಕಿಕೊಟ್ಟೆ. ಅವರು ಕಮಾಂಡ್ ಹೊಡೆಯುವವರಲ್ಲ, ದುಡ್ಡು ಕೊಟ್ಟರೆ ಪರವಾಗಿಲ್ಲ ಅನ್ನುವವರು. ಲೈಸೆನ್ಸ್ ಬೂಟ್ ಆಗುವ ಪೆನ್‌ಡ್ರೈವಿಗೆ ಅಂಟಿಕೊಂಡಿರುವುದರಿಂದ ಅದರ ಬ್ಯಾಕಪ್ ನನ್ನ ಬಳಿಯೂ ಒಂದಿದೆ. ಮಿರರಿಗೆ ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ (ಬರೆಯುವ ಪಟ್ಟಿಗಳು ಒಂದರ ಮೇಲೊಂದು ಹಾಸಿದ್ದು) ಅಲ್ಲ, ಸಿಎಂಆರ್ (ಪಕ್ಕಪಕ್ಕ ಇರುವುದು) ಅಂತ ಮಾಡೆಲ್ ನಂಬರ್ ಹಿಡಿದು ಖಚಿತ ಮಾಡಿಕೊಳ್ಳಿ. ಎಸ್‌ಎಂಆರ್ ಡಿಸ್ಕ್ ರೀಸಿಲ್ವರ್ (ಡಿಸ್ಕನ್ನು ಮರಳಿ ತುಂಬುವ) ಹೊತ್ತಿಗೆ ತೆವಳುತ್ತದೆ. ಸ್ನ್ಯಾಪ್‌ರೈಡ್‌ನ ಡೇಟಾ ಡಿಸ್ಕಿಗಾದರೆ ಅದೇ ಅಗ್ಗದ ಎಸ್‌ಎಂಆರ್ ಧಾರಾಳ ಸಾಕು.