ಗ್ರೇಟ್ ಡೇನ್ ಮರಿಗೆ ಕ್ಯಾಲ್ಸಿಯಂ ಕೊಡುವ ಮುನ್ನ ಲೆಕ್ಕ ಹಾಕಿ

ಎರಡು ತಿಂಗಳಿಗೆ ಮನೆಗೆ ಬಂದ ಗ್ರೇಟ್ ಡೇನ್ ಮರಿ. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಎಡ ಮುಂಗಾಲಿನ ಪಾದ ಹೊರಕ್ಕೆ ತಿರುಗಿತ್ತು. ಪೆಟ್ ಶಾಪ್‌ನಲ್ಲಿ ಕೇಳಿದ್ದಕ್ಕೆ ಸಿಕ್ಕ ಉತ್ತರ, ‘ಕ್ಯಾಲ್ಸಿಯಂ ಸಾಲ್ತಿಲ್ಲ, ಡೋಸ್ ಡಬಲ್ ಮಾಡಿ’. ಹಾಗೇ ಮಾಡಿದರು. ಐದೂವರೆ ತಿಂಗಳಿಗೆ ಕಾಲು ಬಾಗಿ, ಮರಿ ಕುಂಟತೊಡಗಿತು. ಎಕ್ಸ್-ರೇ ತೆಗೆಸುವ ಹೊತ್ತಿಗೆ ಚಿಕ್ಕ ಆಪರೇಷನ್‌ನಲ್ಲಿ ಸರಿಹೋಗುವ ಕಾಲ ಮೀರಿತ್ತು. ಇಂಥ ಮರಿಗಳು ಚಿಕಿತ್ಸೆಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿರುವುದು.

ಆ ಮರಿಯನ್ನು ಮಾರಿದವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಹೀಗೆ: ದಿನಕ್ಕೆ 400 ಗ್ರಾಂ ಮರಿಗಳ ಡ್ರೈ ಫುಡ್, ಅರ್ಧ ಲೀಟರ್ ಹಾಲು, 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ಬೆಳಿಗ್ಗೆ ಒಂದು ರಾತ್ರಿ ಒಂದು, ಜೊತೆಗೆ ಒಂದು ಟೀ ಚಮಚ ಮೊಟ್ಟೆ ಚಿಪ್ಪಿನ ಪುಡಿ. ಕೂಡಿಸಿ ನೋಡಿ. ಡ್ರೈ ಫುಡ್‌ನಲ್ಲಿ ಶೇ. 1.2 ಕ್ಯಾಲ್ಸಿಯಂ ಇದ್ದರೆ ಅದರಿಂದಲೇ 4.8 ಗ್ರಾಂ ಬಂತು. ಹಾಲಿನಿಂದ ಸುಮಾರು 0.6, ಮಾತ್ರೆಗಳಿಂದ 1, ಚಿಪ್ಪಿನ ಪುಡಿಯಿಂದ ಸುಮಾರು 2 ಗ್ರಾಂ. ಒಟ್ಟು 8.4. ನೀರಿನಂಶ ಕಳೆದರೆ ಮರಿ ತಿಂದದ್ದು ಸುಮಾರು 420 ಗ್ರಾಂ ಒಣ ಆಹಾರ, ಅಂದರೆ ಅದರಲ್ಲಿ ಶೇ. 2 ಕ್ಯಾಲ್ಸಿಯಂ. ಬೆಳೆದ ಮೇಲೆ 32 ಕಿಲೋ ದಾಟುವ ನಾಯಿಗಳ ಮರಿಗೆ ಇದು ಶೇ. 1.8 ಮೀರಬಾರದು ಎನ್ನುತ್ತದೆ ಪ್ರಾಣಿಗಳ ಆಹಾರಕ್ಕೆ ಅಮೆರಿಕದಲ್ಲಿ ಬಳಸುವ ಆಫ್ಕೋ (AAFCO) ಮಾನದಂಡ. ಬರೀ ಡ್ರೈ ಫುಡ್ ಕೊಟ್ಟಿದ್ದರೆ ಶೇ. 1.3ರ ಆಸುಪಾಸು ಇರುತ್ತಿತ್ತು, ಅಷ್ಟೇ ಬೇಕಾಗಿದ್ದದ್ದು. ಡೋಸ್ ಡಬಲ್ ಆದ ಮೇಲಿನ ಲೆಕ್ಕವನ್ನು ಬೇರೆ ಹೇಳಬೇಕಿಲ್ಲ.

‘ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತೆ ಬಿಡಿ’ ಎನ್ನುವವರಿದ್ದಾರೆ. ಮರಿಯ ವಿಷಯದಲ್ಲಿ ಇದು ತಪ್ಪು. ಪೂರ್ತಿ ಬೆಳೆದ ನಾಯಿಯ ಕರುಳು ಸಾಕಾದಷ್ಟು ಹೀರಿ ಉಳಿದದ್ದನ್ನು ಬಿಡುತ್ತದೆ. ಆರು ತಿಂಗಳೊಳಗಿನ ಮರಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ, ತಿಂದ ಕ್ಯಾಲ್ಸಿಯಂನಲ್ಲಿ ಸರಿಸುಮಾರು ಅರ್ಧ ಒಳಗೆ ಹೋಗಿಯೇ ಹೋಗುತ್ತದೆ. ರಕ್ತದಲ್ಲಿ ಅದು ಏರಿದಾಗ ದೇಹ ಹಳೆಯ ಮೂಳೆಯನ್ನು ಸವೆಸುವ ಕೆಲಸವನ್ನು ನಿಧಾನಿಸುತ್ತದೆ. ಬೆಳೆಯುವ ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿ ಸಮಯಕ್ಕೆ ಸರಿಯಾಗಿ ಮೂಳೆಯಾಗದೆ ಹಾಗೇ ಉಳಿದುಬಿಡುತ್ತದೆ. ಎಪ್ಪತ್ತು ಎಂಬತ್ತರ ದಶಕಗಳಲ್ಲೇ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಇದು ಗೊತ್ತಾಗಿದೆ. ಆದರೂ ಕ್ಯಾಲ್ಸಿಯಂ ಸಿರಪ್ ಮಾರಾಟ ಇವತ್ತಿಗೂ ನಿಂತಿಲ್ಲ, ಜರ್ಮನ್ ಶೆಫರ್ಡ್ ಕಿವಿ ನಿಲ್ಲಲಿ ಎಂದೂ ಅದನ್ನೇ ಕುಡಿಸುತ್ತಾರೆ. ಕಿವಿಯಲ್ಲಿ ಇರುವುದು ಮೂಳೆಯಲ್ಲ, ಮೃದ್ವಸ್ಥಿ. ಹಲ್ಲು ಬರುವ ಕಾಲದಲ್ಲಿ ಅದು ಬೀಳುವುದೂ ಏಳುವುದೂ ಸಹಜ.

ಮುಂಗಾಲೇ ಏಕೆ ಬಾಗಿತು? ಅಲ್ಲಿ ರೇಡಿಯಸ್, ಅಲ್ನಾ ಎಂಬ ಎರಡು ಮೂಳೆಗಳು ಜೊತೆಜೊತೆಗೆ ಬೆಳೆಯಬೇಕು. ಅಲ್ನಾದ ಉದ್ದದಲ್ಲಿ ಶೇ. 85ರಷ್ಟು ಬರುವುದು ಮಣಿಕಟ್ಟಿನ ಮೇಲಿರುವ ಒಂದೇ ಗ್ರೋತ್ ಪ್ಲೇಟ್‌ನಿಂದ (ಮೂಳೆಯನ್ನು ಉದ್ದಕ್ಕೆ ಬೆಳೆಸುವ ಮೃದ್ವಸ್ಥಿಯ ಪದರ). ಅಲ್ಲಿ ಬೆಳವಣಿಗೆ ಹಿಂದೆ ಬಿತ್ತೆಂದರೆ ಅಲ್ನಾ ಗಿಡ್ಡವಾಗುತ್ತದೆ, ರೇಡಿಯಸ್ ಮಾತ್ರ ಬೆಳೆಯುತ್ತಲೇ ಇರುತ್ತದೆ. ಬಿಲ್ಲಿಗೆ ಬಿಗಿದ ಹೆದೆಯಂತೆ ಗಿಡ್ಡ ಮೂಳೆ ಉದ್ದ ಮೂಳೆಯನ್ನು ಜಗ್ಗಿ ಬಾಗಿಸುತ್ತದೆ. ಪಾದ ಹೊರಕ್ಕೆ ತಿರುಗುತ್ತದೆ, ಮೇಲೆ ಮೊಣಕೈ ಕೀಲೂ ಜಾಗ ತಪ್ಪುತ್ತದೆ. ಆ ಗ್ರೋತ್ ಪ್ಲೇಟ್ ಶಂಕುವಿನ ಆಕಾರದಲ್ಲಿರುವುದರಿಂದ ಮಹಡಿಯಿಂದ ಬಿದ್ದಾಗ, ಸ್ಕೂಟರಿನಿಂದ ಜಿಗಿದಾಗ ಜಜ್ಜಿಹೋಗುವುದೂ ಅದೇ. ಹಾಗಾಗಿ ಪೆಟ್ಟಿನಿಂದಲೂ ಹೀಗಾಗಬಹುದು.

ನಾಲ್ಕು ತಿಂಗಳಿಗೇ ಏನು ಮಾಡಬೇಕಿತ್ತು ಅಂದರೆ, ಮೇಲಿನಿಂದ ಕೊಡುತ್ತಿದ್ದ ಮಾತ್ರೆ, ಪುಡಿ, ಹಾಲು ಎಲ್ಲ ನಿಲ್ಲಿಸಿ, ಎಕ್ಸ್-ರೇ ತೆಗೆಸಬೇಕಿತ್ತು. ಎರಡೂ ಮುಂಗಾಲು, ಮುಂದಿನಿಂದ ಒಂದು ಪಕ್ಕದಿಂದ ಒಂದು, ಮೊಣಕೈಯಿಂದ ಮಣಿಕಟ್ಟಿನವರೆಗೆ ಪೂರ್ತಿ ಕಾಣುವಂತೆ. ಬರೀ ಮಣಿಕಟ್ಟಿನ ಫಿಲ್ಮ್ ಸಾಲದು, ಮೊಣಕೈ ಜಾರಿದ್ದು ಅದರಲ್ಲಿ ಕಾಣುವುದಿಲ್ಲ. ದೊಡ್ಡ ತಳಿಯ ಮರಿಗಳ ಪಾದ ಸ್ವಲ್ಪ ಹೊರಕ್ಕಿರುವುದು ಸಹಜ, ಅದಕ್ಕೆ ಗಾಬರಿ ಬೇಡ. ಟೈಲ್ಸ್ ಗೆರೆಯ ಮೇಲೆ ಮರಿಯನ್ನು ನೇರ ನಿಲ್ಲಿಸಿ ವಾರಕ್ಕೊಮ್ಮೆ ಮುಂದಿನಿಂದ ಫೋಟೊ ತೆಗೆಯಿರಿ. ತಿರುವು ಹೆಚ್ಚುತ್ತಾ ಹೋದರೆ, ಅಥವಾ ಒಂದೇ ಕಾಲಿನಲ್ಲಿ ಇದ್ದರೆ, ಕಾಯಬೇಡಿ. ಇನ್ನೂ ಬೆಳವಣಿಗೆ ಉಳಿದಿರುವಾಗ ಅಲ್ನಾದ ಒಂದು ಸಣ್ಣ ತುಂಡು ತೆಗೆದು, ತುದಿಗಳು ಬೇಗ ಕೂಡದಿರಲೆಂದು ಮಧ್ಯೆ ಮರಿಯದೇ ಕೊಬ್ಬು ತುಂಬುತ್ತಾರೆ. ಜಗ್ಗುವುದು ನಿಂತ ಮೇಲೆ ರೇಡಿಯಸ್ ತಾನಾಗಿ ಸಾಕಷ್ಟು ನೆಟ್ಟಗಾಗುತ್ತದೆ. ತಡವಾದರೆ ರೇಡಿಯಸ್ಸನ್ನೇ ಕತ್ತರಿಸಿ, ಕೋನ ಸರಿಪಡಿಸಿ, ಲೋಹದ ಪ್ಲೇಟ್ ಹಾಕಬೇಕು. ಮೊಣಕೈ ಕೆಟ್ಟಿದ್ದರೆ ಅಷ್ಟಾದರೂ ಪೂರ್ತಿ ಗುಣವಾಗುವುದಿಲ್ಲ. ಮೂಳೆ ತಜ್ಞರಿಲ್ಲದ ಊರಿನವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಬೇಗ ಹೋಗುವುದು ಒಳ್ಳೆಯದು.

ಕುಂಟುವ ಮರಿಗೆಲ್ಲ ಇದೇ ಕಾಯಿಲೆ ಎಂದಲ್ಲ. ಮೂರರಿಂದ ಆರು ತಿಂಗಳ ಮರಿಗೆ ಜ್ವರ ಬಂದು, ಮಣಿಕಟ್ಟಿನ ಮೇಲೆ ಊದಿ, ಮುಟ್ಟಿದರೆ ಕಿರುಚಿ, ಏಳಲೂ ಆಗದಿದ್ದರೆ ಅದು ಎಚ್‌ಒಡಿ (ಬೆಳೆಯುವ ಮರಿಗಳ ಮೂಳೆ ತುದಿಗಳು ಊದಿಕೊಳ್ಳುವ ಕಾಯಿಲೆ) ಇರಬಹುದು, ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಈ ವಾರ ಒಂದು ಕಾಲು, ಮುಂದಿನ ವಾರ ಇನ್ನೊಂದು ಎಂದು ಕುಂಟು ಜಾಗ ಬದಲಿಸಿದರೆ ಪ್ಯಾನಾಸ್ಟೈಟಿಸ್ (ಉದ್ದ ಮೂಳೆಗಳ ಒಳಗಿನ ಉರಿಯೂತ) ಇರಬಹುದು. ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು, ತಾನಾಗಿ ಇಳಿಯುತ್ತದೆ. ಆದರೆ ನಮ್ಮ ಕಡೆ ಉಣ್ಣೆ ಜ್ವರವೂ ಹೀಗೇ ಕಾಲು ಬದಲಿಸಿ ಕುಂಟಿಸುತ್ತದೆ, ಆದ್ದರಿಂದ ಪ್ಲೇಟ್‌ಲೆಟ್ ಎಣಿಕೆಯೂ ಸೇರಿದಂತೆ ರಕ್ತ ಪರೀಕ್ಷೆ ಮಾಡಿಸದೆ ತೀರ್ಮಾನಕ್ಕೆ ಬರಬೇಡಿ. ಲ್ಯಾಬ್ರಡಾರ್ ಮರಿ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಕುಪ್ಪಳಿಸಿದರೆ ಸೊಂಟದ ಕೀಲು ನೋಡಿಸಿ.

ಈಗ ಇದರ ಇನ್ನೊಂದು ಮಗ್ಗುಲು. ಇದನ್ನೋದಿ ಎಲ್ಲರೂ ಕ್ಯಾಲ್ಸಿಯಂ ಬಿಟ್ಟುಬಿಟ್ಟರೆ ಇನ್ನೊಂದು ಅನಾಹುತ. ಬರೀ ಅನ್ನ, ಮೂಳೆಯಿಲ್ಲದ ಚಿಕನ್, ಲಿವರ್ ತಿನ್ನುವ ಮರಿಗೆ ಕ್ಯಾಲ್ಸಿಯಂ ಸಿಗುವುದೇ ಇಲ್ಲ: 100 ಗ್ರಾಂ ಚಿಕನ್‌ನಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ 10–15 ಅಷ್ಟೇ. ಇರಬೇಕಾದದ್ದು ಕ್ಯಾಲ್ಸಿಯಂ ರಂಜಕದಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು. ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆ ತುಂಬಲು ದೇಹ ಮೂಳೆಯನ್ನೇ ಕರಗಿಸುತ್ತದೆ, ಮಂಚದಿಂದ ಇಳಿದರೂ ಮೂಳೆ ಮಡಚಿ ಮುರಿಯುತ್ತದೆ. ರಾಗಿ ಅಂಬಲಿ ಹಾಕಿದರೆ ಸಾಕು ಎನ್ನಬೇಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ ಅದೊಂದರಿಂದ ಮರಿಯ ಊಟ ಸಮತೋಲನಕ್ಕೆ ಬರುವುದಿಲ್ಲ. ಮನೆ ಊಟವೇ ಆಗಬೇಕೆಂದರೆ ತಿನ್ನಿಸುವುದನ್ನೆಲ್ಲ ಗ್ರಾಂ ಲೆಕ್ಕದಲ್ಲಿ ಬರೆದುಕೊಂಡು ಹೋಗಿ, ಡಾಕ್ಟರ್ ಲೆಕ್ಕ ಹಾಕಿ ಹೇಳಿದಷ್ಟೇ ಕ್ಯಾಲ್ಸಿಯಂ ಸೇರಿಸಿ. ಮನುಷ್ಯರ 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಯಾವ ಕಾರಣಕ್ಕೂ ಬೇಡ. ಮರಿಯ ಕಿಡ್ನಿಯನ್ನೇ ಹಾಳುಮಾಡಬಲ್ಲದು.

ತೂಕವೂ ಅಷ್ಟೇ ಮುಖ್ಯ. ಮರಿ ಗುಂಡಗಿರಲಿ ಎಂಬ ಆಸೆ ಬಿಡಿ. ಮೆಲ್ಲಗೆ ಕೈಯಾಡಿಸಿದರೆ ಪಕ್ಕೆಲುಬು ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಬಟ್ಟಲಲ್ಲಿ ಸದಾ ಊಟ ಇಡದೆ ಅಳತೆ ಮಾಡಿ ದಿನಕ್ಕೆ ಮೂರು ಹೊತ್ತು ಕೊಡಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳ ಅಧ್ಯಯನವೊಂದರಲ್ಲಿ ಶೇ. 25 ಕಡಿಮೆ ತಿಂದ ಗುಂಪಿನಲ್ಲಿ ಸೊಂಟದ ಕೀಲಿನ ತೊಂದರೆ ಕಡಿಮೆಯಿತ್ತು, ಆಯಸ್ಸೂ ಸುಮಾರು ಎರಡು ವರ್ಷ ಹೆಚ್ಚಿತ್ತು.

ಕೊನೆಯದಾಗಿ, ಕುಂಟುವ ಮರಿಗೆ ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಪ್ಯಾರಸಿಟಮಾಲ್ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಕಿಡ್ನಿ ಅಥವಾ ಲಿವರ್ ಕೆಡುತ್ತದೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಸ್ಟ್ರಿಪ್ ಸಮೇತ ಹೋಗಿ, ಎಷ್ಟು ಮಾತ್ರೆ, ಯಾವ ಹೊತ್ತಿಗೆ ಎಂದು ಹೇಳಿ. ಅದು ಗೊತ್ತಿಲ್ಲದೆ ಡಾಕ್ಟರ್ ಇನ್ನೊಂದು ನೋವಿನ ಔಷಧಿಯನ್ನೋ ಸ್ಟೀರಾಯ್ಡನ್ನೋ ಕೊಟ್ಟರೆ ಅಪಾಯ ಹೆಚ್ಚುತ್ತದೆ. ವಾಂತಿಯಾದರೆ, ಮಲ ಟಾರಿನ ಬಣ್ಣಕ್ಕೆ ತಿರುಗಿದರೆ ಬೆಳಗಾಗುವವರೆಗೆ ಕಾಯದೆ ಕರೆದುಕೊಂಡು ಹೋಗಿ.