ಫಿಲಿಪೈನ್ಸ್‌ನಲ್ಲಿ ಮಕ್ಕಳನ್ನು ಓದಿಸುತ್ತಿರುವವರೇ, ‘ವಾರ್ಷಿಕ ವರದಿ’ಯ ಹೆಸರಿನಲ್ಲಿ ಹಣ ಕಟ್ಟುವ ಮುನ್ನ ಇದನ್ನು ಓದಿ

ವೈದ್ಯಕೀಯ ಓದಿಗೆಂದು ಮಕ್ಕಳನ್ನು ಫಿಲಿಪೈನ್ಸ್‌ಗೆ ಕಳುಹಿಸಿರುವ ಮಲೆನಾಡಿನ ತಂದೆತಾಯಿಗಳು ಜನವರಿಗೆ ಮೊದಲೇ ಇದನ್ನು ಓದಬೇಕು.

ನನ್ನ ಮಗಳು ದಾವಾವ್ ನಗರದಲ್ಲಿ ಓದುತ್ತಿದ್ದಾಳೆ. ಅವಳಿಗೆ ಸೀಟು ಕೊಡಿಸಿದ ಶಿವಮೊಗ್ಗದ ಏಜೆಂಟರು ಅಡಿಕೆ ಕೊಯ್ಲು ಜೋರಾಗಿದ್ದ ಹೊತ್ತಿಗೆ ಫೋನ್ ಮಾಡಿ, "ಗೌಡ್ರೇ, ಅಲ್ಲಿನ ಇಮಿಗ್ರೇಷನ್‌ಗೆ ವರ್ಷದ ರಿಪೋರ್ಟ್ ಕೊಡ್ಬೇಕು. ಸರ್ಕಾರಿ ಶುಲ್ಕ ಹದಿನೆಂಟು ಸಾವಿರ. ಜನವರಿ ಮೊದಲ ವಾರ ದಾಟಿದ್ರೆ ಹುಡುಗೀನ ವಾಪಸ್ ಕಳಿಸ್ತಾರೆ" ಎಂದರು. ಸರ್ಕಾರಿ ಶುಲ್ಕ ಎಂದೇ ಹೇಳಿದರು, ಈ ಮಾತನ್ನು ದಯವಿಟ್ಟು ಗಮನಿಸಿ. ಮಗಳನ್ನು ವಾಪಸ್ ಕಳಿಸುತ್ತಾರೆ ಎಂದ ಮೇಲೆ ಯಾವ ತಂದೆ ಚೌಕಾಸಿ ಮಾಡುತ್ತಾನೆ? ಕೊಯ್ಲಿನ ಕೂಲಿಗೆಂದು ಮಂಡಿಯಿಂದ ತಂದಿದ್ದ ಮುಂಗಡದಲ್ಲೇ ಕಟ್ಟಿದೆ.

ಫೆಬ್ರವರಿ ಬಂದರೂ ರಸೀದಿ ಬರಲಿಲ್ಲ. ಕೇಳಿದಾಗಲೆಲ್ಲ "ಪ್ರೋಸೆಸ್‌ನಲ್ಲಿದೆ" ಎಂಬ ಒಂದೇ ಉತ್ತರ. ಕೊನೆಗೆ ಮಗಳು ಸಹಪಾಠಿಗಳ ಜೊತೆ ತಾನೇ ಪಾಸ್‌ಪೋರ್ಟ್ ಮತ್ತು ಎಸಿಆರ್ ಐ-ಕಾರ್ಡ್ (ವಿದೇಶಿಯರಿಗೆ ಅಲ್ಲಿನ ಇಮಿಗ್ರೇಷನ್ ಕೊಡುವ ನೋಂದಣಿ ಗುರುತಿನ ಚೀಟಿ) ಹಿಡಿದು ಇಮಿಗ್ರೇಷನ್ ಕಚೇರಿಗೆ ಹೋದಳು. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ನನ್ನ ವಾಟ್ಸಾಪಿಗೆ ಅವಳು ಕಳುಹಿಸಿದ ರಸೀದಿಯ ಫೋಟೋ ಬಂತು. ವರದಿಗೆ 300 ಪೆಸೊ, ಅದರ ಮೇಲೆ 10 ಪೆಸೊ, ಒಟ್ಟು 310. ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿಯ ಆಸುಪಾಸು! ಎರಡು ಸಲ, ಮೂರು ಸಲ ಓದಿದೆ. "ಬೇರೆ ಏನೂ ಕಟ್ಟಿಲ್ವಾ ಮಗಾ?" ಎಂದು ಕೇಳಿದರೆ, "ಇಷ್ಟೇ ಅಪ್ಪಾ, ಮೊದ್ಲು ಯಾರೂ ನನ್ನ ಹೆಸರಲ್ಲಿ ಏನೂ ಕಟ್ಟಿರ್ಲಿಲ್ಲ" ಎಂದಳು. ಹೆಂಡತಿಗೆ ಹೇಳಲು ನನಗೆ ಸಂಜೆಯವರೆಗೂ ಬಾಯಿ ಬರಲಿಲ್ಲ.

ಏಜೆಂಟರನ್ನು ಕೇಳಿದಾಗ, "ಅದು ಬರೀ ಶುಲ್ಕ ಗೌಡ್ರೇ, ಉಳಿದದ್ದು ಫೈಲ್ ನಡೆಸೋ ಖರ್ಚು" ಎಂದರು. ಯಾವ ಫೈಲ್, ಯಾರು ನಡೆಸಿದರು ಎಂದರೆ ಉತ್ತರವಿಲ್ಲ. ಮರುದಿನ ದನಿಯೇ ಬದಲಾಗಿತ್ತು: "ನಿಮ್ಮ ಮಗಳು ನಮ್ಮನ್ನ ಕೇಳದೆ ಹೋಗಿದ್ದು ತಪ್ಪು. ಮುಂದೆ ವೀಸಾಕ್ಕೆ ತೊಂದ್ರೆ ಆದ್ರೆ ನಾವು ಜವಾಬ್ದಾರರಲ್ಲ." ಹಣ ನುಂಗಿದವರೇ ಬೆದರಿಸುತ್ತಾರೆ! ಆ ಹಣವನ್ನು ಮುಂದಿನ ವರ್ಷದ ವರದಿಗೆ ಹೊಂದಿಸಿಕೊಳ್ಳುವುದಾಗಿ ಆಮೇಲೊಂದು ಔದಾರ್ಯವನ್ನೂ ತೋರಿಸಿದರು.

ವಿಷಯ ಇಷ್ಟೇ. ಫಿಲಿಪೈನ್ಸ್‌ನಲ್ಲಿ 1950ರ ವಿದೇಶಿಯರ ನೋಂದಣಿ ಕಾಯ್ದೆಯ ಪ್ರಕಾರ, ಎಸಿಆರ್ ಐ-ಕಾರ್ಡ್ ಪಡೆದ ವಿದೇಶಿಯರು ಪ್ರತಿ ವರ್ಷದ ಮೊದಲ 60 ದಿನಗಳೊಳಗೆ ವರದಿ ಮಾಡಿಕೊಳ್ಳಬೇಕು. ಅಂದರೆ ಫೆಬ್ರವರಿ ಮುಗಿಯುವವರೆಗೂ ಸಮಯವಿದೆ, ಜನವರಿ ಮೊದಲ ವಾರದ ಗಡುವು ನಮ್ಮನ್ನು ಹೆದರಿಸಲು ಹುಟ್ಟಿಸಿದ್ದು. ಆ ದಿನಗಳಲ್ಲಿ ರಜೆಗೆ ಊರಿಗೆ ಬಂದಿದ್ದ ಮಕ್ಕಳು ಮರಳಿದ 30 ದಿನಗಳೊಳಗೆ ವರದಿ ಮಾಡಬಹುದು. ವೀಸಾ ನವೀಕರಣವೇ ಬೇರೆ, ಈ ವರದಿಯೇ ಬೇರೆ. ಎರಡನ್ನೂ ಕಲಸಿ ಒಂದೇ ಮೊತ್ತ ಹೇಳುವವರಿಂದ ಬಿಡಿಬಿಡಿಯಾಗಿ ಲೆಕ್ಕ ಬರೆಸಿಕೊಳ್ಳಿ. ಮಕ್ಕಳ ಕಾರ್ಡನ್ನು ಯಾರ ಕೈಗೂ ಕೊಡಿಸಬೇಡಿ, ರಸೀದಿಯನ್ನು ಮುಂದಿನ ವರ್ಷಕ್ಕೂ ಜೋಪಾನವಾಗಿಡಲು ಹೇಳಿ.

ನನ್ನ ಹಣ ಇನ್ನೂ ಬಂದಿಲ್ಲ. ಫೋನ್‌ಪೇ ದಾಖಲೆ, ಅವರ ಸಂದೇಶಗಳು, ಮಗಳ ರಸೀದಿ ಎಲ್ಲವನ್ನೂ ಜೋಡಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸುತ್ತಿದ್ದೇನೆ. ಇದೇ ರೀತಿ ಕಟ್ಟಿದವರು ಬೇರೆ ಯಾರಾದರೂ ಇದ್ದರೆ ತಿಳಿಸಿ, ಜೊತೆಗೇ ದೂರು ಕೊಡೋಣ.