ಎಚ್‌ಒನಾ, ಎನ್‌ನಾ? ಒಂದೇ ರೈಲು ಊರನ್ನು ಎರಡು ಅಳತೆಯಲ್ಲಿ ಕಟ್ಟಿ ನೋಡಿದೆ

ಪುಟಾಣಿ ರೈಲು ಊರು ಕಟ್ಟಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಅಳತೆ. 1:87ರ, ಅಂದ್ರೆ ನಿಜದ್ದಕ್ಕಿಂತ 87 ಪಟ್ಟು ಚಿಕ್ಕದಾದ ಎಚ್‌ಒ ಬೇಕಾ, 1:160ರ ಎನ್ ಬೇಕಾ? ನಾನು ಒಂದೇ ಕಾಲ್ಪನಿಕ ಊರನ್ನು ಎರಡರಲ್ಲೂ ಕಟ್ಟಿದ್ದೇನೆ. ಕಲ್ಲಿನ ಗಣಿ ನಂಬಿಕೊಂಡು ಹುಟ್ಟಿದ ಸಣ್ಣ ಊರು ಅದು. ಒಂದು ಸ್ಟೇಷನ್, ಒಂದು ಗೂಡ್ಸ್ ಶೆಡ್, ನೀರಿನ ಟ್ಯಾಂಕು, ಒಂದೇ ಬೀದಿ, ಆ ತುದಿಗೆ ಗಣಿ. ಹಲಗೆಯೂ ಎರಡಕ್ಕೂ ಒಂದೇ ಅಳತೆಯದು: 180 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ.

ನನಗನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಊರು ಮುಖ್ಯ ಅನ್ನುವವರಿಗೆ ಎನ್. ಸ್ಟೇಷನ್ನೇ ಮುಖ್ಯ ಅನ್ನುವವರಿಗೆ ಎಚ್‌ಒ.

ಈ ಹಲಗೆ ಎಚ್‌ಒದಲ್ಲಿ ಸುಮಾರು 157 ಮೀಟರ್ ಉದ್ದ, 65 ಮೀಟರ್ ಅಗಲದ ನೆಲ. ಎನ್‌ನಲ್ಲಿ ಅದೇ ಹಲಗೆ 288 ಮೀಟರ್ ಉದ್ದ, 120 ಮೀಟರ್ ಅಗಲ. ಅಂದ್ರೆ ಮೂರು ಪಟ್ಟಿಗಿಂತ ಜಾಸ್ತಿ ನೆಲ. ಇದು ಯಾಕೆ ಇಷ್ಟು ಮುಖ್ಯ ಅಂದ್ರೆ, ಸಣ್ಣ ಊರು ಸಣ್ಣದಾಗಿ ಕಾಣಬೇಕಾದರೆ ಅದರ ಸುತ್ತ ಖಾಲಿ ಜಾಗ ಇರಬೇಕು. ಹಲಗೆಯ ಅಂಚಿನ ತನಕ ಮನೆ ತುಂಬಿಸಿದರೆ ಅದು ದೊಡ್ಡ ಊರಿನ ಒಂದು ತುಂಡಿನ ಹಾಗೆ ಕಾಣುತ್ತದೆ. ಊರು ಎಲ್ಲಿ ಮುಗಿಯಿತು ಅನ್ನುವುದು ಕಣ್ಣಿಗೆ ಬಿದ್ದರೆ ಮಾತ್ರ ಅದು ಚಿಕ್ಕದು ಅಂತ ಗೊತ್ತಾಗೋದು, ಅಲ್ವಾ?

ಎಚ್‌ಒದಲ್ಲಿ ಆ ಖಾಲಿ ಜಾಗ ಉಳಿಯುವುದೇ ಇಲ್ಲ. 23 ಮೀಟರಿನ ಬೋಗಿ ಅಲ್ಲಿ 26 ಸೆಂ.ಮೀ. ದಾಟುತ್ತದೆ. ಮೂರು ಬೋಗಿಗೆ ಎಂಜಿನ್ ಸೇರಿದರೆ ಒಂದು ಮೀಟರ್. ಆ ರೈಲು ನಿಲ್ಲಲು ಒಂದು ಲೂಪ್ ಲೈನ್ (ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿ), ಅದರ ಎರಡೂ ಕಡೆ ಪಾಯಿಂಟ್, ಅಂದ್ರೆ ಹಳಿ ಬದಲಿಸುವ ಕವಲು, ಹಾಕುವಷ್ಟರಲ್ಲಿ ಹಲಗೆಯ ಉದ್ದವೇ ಮುಗಿಯುತ್ತಾ ಬಂತು. ಎನ್‌ನಲ್ಲಿ ಅದೇ ರೈಲು ಸುಮಾರು 55 ಸೆಂ.ಮೀ. ಲೂಪ್ ಲೈನ್ ಹಾಕಿದ ಮೇಲೂ ಅರ್ಧದಷ್ಟು ಹಲಗೆ ಹೊಲಕ್ಕೆ, ಗುಡ್ಡಕ್ಕೆ ಉಳಿಯುತ್ತದೆ.

ತಿರುವಿನ ಕಥೆಯೂ ಇದೇ. ಎಚ್‌ಒದಲ್ಲಿ ಉದ್ದ ಬೋಗಿ ನೋಡಲು ಚೆನ್ನಾಗಿ ತಿರುಗಬೇಕಾದರೆ 45 ಸೆಂ.ಮೀ. ತ್ರಿಜ್ಯವಾದರೂ ಬೇಕು. ಅರ್ಧ ವೃತ್ತಕ್ಕೇ 90 ಸೆಂ.ಮೀ. ಆಯಿತು, ನನ್ನ ಹಲಗೆ 75. ಬಿಗಿ ತಿರುವಿನ ಹಳಿ ಸಿಗುತ್ತದೆ, ಆದರೆ ಅದರ ಮೇಲೆ ಬೋಗಿಯ ಮೂಲೆ ಹಳಿ ಬಿಟ್ಟು ಆಚೆ ಚಾಚುತ್ತದೆ. ಹಾಗಾಗಿ ನನ್ನ ಎಚ್‌ಒ ಊರಿಗೆ ರೈಲು ಒಂದು ಕಡೆಯಿಂದ ಬರುತ್ತದೆ, ಅದೇ ಕಡೆಗೆ ವಾಪಸ್ ಹೋಗುತ್ತದೆ. ಎನ್‌ನಲ್ಲಿ 25 ಸೆಂ.ಮೀ. ತ್ರಿಜ್ಯದ ತಿರುವನ್ನು ಗುಡ್ಡದ ಹಿಂದೆ ಅಡಗಿಸಿ ಪೂರ್ತಿ ಸುತ್ತು ಹಾಕಿಸಿದೆ.

ನನಗೆ ತುಂಬಾ ಇಷ್ಟವಾದದ್ದು ವೇಗದ ಲೆಕ್ಕ. ನಿಜದ 30 ಕಿ.ಮೀ. ವೇಗ ಅಂದ್ರೆ ಎಚ್‌ಒದಲ್ಲಿ ಸೆಕೆಂಡಿಗೆ 9.6 ಸೆಂ.ಮೀ., ಎನ್‌ನಲ್ಲಿ 5.2 ಸೆಂ.ಮೀ. ಎಚ್‌ಒ ರೈಲು 19 ಸೆಕೆಂಡಿನಲ್ಲಿ ಹಲಗೆ ದಾಟಿದರೆ, ಎನ್ ರೈಲು ಸುಮಾರು 35 ಸೆಕೆಂಡು ತೆಗೆದುಕೊಳ್ಳುತ್ತದೆ. ಗೂಡ್ಸ್ ಗಾಡಿ ಮರಗಳ ಮರೆಯಿಂದ ಹೊರಬಂದು, ಬೀದಿಯ ಗೇಟು ದಾಟಿ, ಗಣಿಯ ಕಡೆ ಸಾಗುವುದನ್ನು ಕಣ್ತುಂಬ ನೋಡಲು ಅಷ್ಟು ಹೊತ್ತು ಬೇಕು.

ಆದರೆ ಅಷ್ಟು ನಿಧಾನವಾಗಿ ಓಡಿಸುವುದೇ ಎನ್‌ನಲ್ಲಿ ಕಷ್ಟ. ಎಂಜಿನ್ ಹಗುರ, ಚಕ್ರ ಸಣ್ಣದು. ಹಳಿಯ ಮೇಲೆ ಒಂಚೂರು ಕೊಳೆ ಕೂತರೂ ಕರೆಂಟು ತಪ್ಪಿ ನಿಂತುಬಿಡುತ್ತದೆ. ಪಾಯಿಂಟಿನ ನಡುವೆ ಪ್ಲಾಸ್ಟಿಕ್ ತುಂಡು ಇದ್ದರೆ ನಾಲ್ಕು ಚಕ್ರದ ಪುಟ್ಟ ಶಂಟಿಂಗ್ ಎಂಜಿನ್ ಅಲ್ಲೇ ಉಳಿಯುತ್ತದೆ. ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ಕೈಗೆಟಕುವಂತೆ ಇಟ್ಟುಕೊಳ್ಳಲೇಬೇಕು. ಎಚ್‌ಒ ಎಂಜಿನ್ನಿನ ತೂಕವೇ ಈ ತೊಂದರೆಯನ್ನು ಎಷ್ಟೋ ಕಡಿಮೆ ಮಾಡುತ್ತದೆ. ಸ್ವಲ್ಪ ಕರೆಂಟು ಕೂಡಿಡುವ ಕೆಪಾಸಿಟರ್ ಕೂರಿಸಲು ಒಳಗೆ ಜಾಗವೂ ಇರುತ್ತದೆ, ಕರೆಂಟು ಕ್ಷಣ ತಪ್ಪಿದರೂ ಓಡುತ್ತದೆ. ವ್ಯಾಗನ್ ಬಿಡಿಸಿ ಶೆಡ್ಡಿಗೆ ತಳ್ಳಿ ಮತ್ತೆ ಜೋಡಿಸುವ ಆಟ ಇಷ್ಟವಿದ್ದರೆ ಎಚ್‌ಒ ಬಿಟ್ಟು ಬೇರೆ ನೋಡಬೇಡಿ.

ಇನ್ನು ಕಟ್ಟಡಗಳು. ಇಲ್ಲಿ ಎಚ್‌ಒ ನಿಜವಾಗಿ ಮನಸ್ಸು ಗೆದ್ದಿತು. ಸ್ಟೇಷನ್ನಿನ 1.2 ಮೀಟರಿನ ಕಿಟಕಿ ಎಚ್‌ಒದಲ್ಲಿ 14 ಮಿ.ಮೀ. ಅದರೊಳಗಿನ ಅಡ್ಡಪಟ್ಟಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪ. ಸ್ಟೈರೀನ್ ಅನ್ನುವ ಪ್ಲಾಸ್ಟಿಕ್ಕಿನ ಪಟ್ಟಿ ಕತ್ತರಿಸಿ, ಬ್ರಶ್ಶಿನ ತುದಿಯಿಂದ ಅದನ್ನು ಅಂಟಿಸುವ ದ್ರಾವಕ ಮುಟ್ಟಿಸಿ, ಒಂದೊಂದೇ ಕೂರಿಸಬಹುದು. ಒಂದು ರೆಕ್ಕೆ ಅರ್ಧ ತೆರೆದ ಹಾಗೆ ಇಟ್ಟರೆ ಒಳಗಿನ ಟಿಕೆಟ್ ಕೌಂಟರಿನ ಬೆಳಕು ಪ್ಲಾಟ್‌ಫಾರ್ಮಿಗೆ ಓರೆಯಾಗಿ ಬೀಳುತ್ತದೆ. ಎನ್‌ನಲ್ಲಿ ಅದೇ ಕಿಟಕಿ 7.5 ಮಿ.ಮೀ., ಪಟ್ಟಿ 0.3. ಪಾರದರ್ಶಕ ಹಾಳೆಯ ಮೇಲೆ ಗೆರೆ ಎಳೆಯುವುದೇ ಸರಿ. ಜನರೂ ಅಷ್ಟೇ. ಎಚ್‌ಒ ಮನುಷ್ಯ 20 ಮಿ.ಮೀ., ಕೈಯಲ್ಲಿ ಚೀಲ ಹಿಡಿದದ್ದು ಕಾಣುತ್ತದೆ. 11 ಮಿ.ಮೀ. ಎನ್ ಮನುಷ್ಯನಿಗೆ ಮುಖವೇ ಇಲ್ಲ, ನಿಂತ ಭಂಗಿಯಷ್ಟೇ.

ಒಂದು ವಿಷಯದಲ್ಲಿ ಮಾತ್ರ ಎನ್ ಕಟ್ಟಡ ಸುಲಭ. 1 ಮಿ.ಮೀ. ರಟ್ಟು ಅಲ್ಲಿ 16 ಸೆಂ.ಮೀ. ಗೋಡೆ ಆಗುತ್ತದೆ, ಹಾಗೇ ನಂಬಬಹುದು. ಎಚ್‌ಒದಲ್ಲಿ ಅದು ಬರೀ 8.7 ಸೆಂ.ಮೀ. ಕಲ್ಲಿನ ಕಟ್ಟಡ ಅಂತ ತೋರಿಸಲು ರಟ್ಟಿನ ಮೇಲೆ ರಟ್ಟು ಅಂಟಿಸಬೇಕು.

ಬೀದಿ ದೀಪ ಹಾಕುವವರು 0603 ಅನ್ನುವ ಅಳತೆಯ ಪುಟಾಣಿ ಎಲ್‌ಇಡಿ ಬಳಸುತ್ತಾರೆ. ಅದರ ಉದ್ದ 1.6 ಮಿ.ಮೀ. ಎಚ್‌ಒದಲ್ಲಿ 14 ಸೆಂ.ಮೀ. ಬಲ್ಬು, ಪರವಾಗಿಲ್ಲ. ಎನ್‌ನಲ್ಲಿ ಕಾಲು ಮೀಟರಿನ ತಲೆ. ಅಲ್ಲಿಗೆ ಇನ್ನೂ ಚಿಕ್ಕದಾದ 0402 ತನ್ನಿ.

ಹಳಿಯ ಎತ್ತರವನ್ನೂ ಗಮನಿಸಿ. ಎನ್‌ನ ಕೋಡ್ 80 ಹಳಿ (ಕೋಡ್ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಹಳಿಯ ಎತ್ತರ) ನಿಜದ ಲೆಕ್ಕಕ್ಕೆ 32 ಸೆಂ.ಮೀ. ದಾಟುತ್ತದೆ. ಮೀಟರಿಗೆ 60 ಕಿಲೋ ತೂಗುವ ನಿಜವಾದ ಹಳಿ ಇರುವುದೇ 17.2 ಸೆಂ.ಮೀ. ಕೋಡ್ 55 ಹಾಕಿದರೆ ಇದು ಸುಮಾರು 22ಕ್ಕೆ ಇಳಿಯುತ್ತದೆ. ಎಚ್‌ಒದ ಕೋಡ್ 83 ಹೆಚ್ಚುಕಡಿಮೆ ಸರಿಯಾಗೇ ಇದೆ.

ಎರಡನ್ನೂ ಬೆರೆಸುವ ದಾರಿಯೂ ಉಂಟು. ನನ್ನ ಎಚ್‌ಒ ಹಲಗೆಯ ಹಿಂದಿನ ಅಂಚಿನಲ್ಲಿ, ಗುಡ್ಡದ ಮೇಲೆ, ಎನ್ ಅಳತೆಯ ಎರಡು ಮನೆ ಮತ್ತು ಗಿಡ್ಡ ಮರಗಳನ್ನು ಇಟ್ಟಿದ್ದೇನೆ. ಮುಂದಿನಿಂದ ನೋಡಿದರೆ ಅವು ತುಂಬಾ ದೂರದಲ್ಲಿರುವ ಹಾಗೆ ಕಾಣುತ್ತವೆ. ಪಕ್ಕದಿಂದ ನೋಡಿದರೆ ಗುಟ್ಟು ಬಯಲಾಗುತ್ತದೆ, ಅದಕ್ಕೇ ಆ ಕಡೆ ಎತ್ತರದ ಮರ ನೆಟ್ಟಿದ್ದೇನೆ.

ಹಳಿ ಕೊಳ್ಳುವ ಮುಂಚೆ ನಿಮ್ಮ ಊರಿನ ಎಲ್ಲ ಕಟ್ಟಡಗಳ ತಳವನ್ನು ಎರಡೂ ಅಳತೆಯಲ್ಲಿ ಕಾಗದದಲ್ಲಿ ಕತ್ತರಿಸಿ. ಹಲಗೆ ಮೇಲೆ ಹರಡಿ, ರೈಲಿನ ಉದ್ದಕ್ಕೆ ಒಂದು ದಾರ ಇಡಿ. ಆಮೇಲೆ ಕೂತು, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ನೋಡಿ. ಎಚ್‌ಒ ಕಾಗದದ ನಡುವೆ ಖಾಲಿ ಜಾಗ ಉಳಿದಿದ್ದರೆ ಎಚ್‌ಒ ಕಟ್ಟಿ. ಉಳಿಯದಿದ್ದರೆ, ಕಿಟಕಿಯ ಆಸೆ ಬಿಟ್ಟು ಎನ್ ಹಳಿ ತನ್ನಿ.